ಮರಳು ಬಕೆಟ್ಟು

ಕಂಪನಿಯ ಕಾಗದದಲ್ಲಿ ಹೀಗಿತ್ತು:
ಈ ನಂಬರಿನಿಂದ ಆ ನಂಬರಿನವರೆಗೆ
ಯಾವ ಬ್ಯಾಟರಿಯನ್ನೂ ಚಾರ್ಜಿಗೆ ಹಾಕತಕ್ಕದ್ದಲ್ಲ.
ವಾಪಸು ಪಡೆದು ಮರಳಿನಲ್ಲಿ ಹೂತಿಡಿ.

ಮರಳೇ ಸಿಗದ ಕಾಲ.
ಶಿವರಾಂಪೇಟೆಯ ಹಿಂದಿನ ಓಣಿಯಲ್ಲಿ ಮನೆ ಏಳುತ್ತಿತ್ತು,
ಹೋಗಿ ಒಂದು ಬಕೆಟ್ ಎಂ-ಸ್ಯಾಂಡ್ ಬೇಡಿದೆ.
‘ಬೆಕ್ಕು ಸಾಕಿದ್ದೀರಾ ಮೇಡಮ್?’ ಅಂದ ಮೇಸ್ತ್ರಿ.

ಮೊದಲು ಬಂದವರು ಮುನೀರ್ ಸಾಹೇಬರು,
ಕೊಕ್ಕರೆ ಬೆಳ್ಳೂರಿನ ಹುಣಸೆಮರದಡಿ ಕೂತು
ಹನ್ನೊಂದು ವರ್ಷ ಹೆಜ್ಜಾರ್ಲೆಗಳನ್ನೇ ತೆಗೆದವರು.
ಗೂಡಿನಿಂದ ಬಿದ್ದ ಮೊಟ್ಟೆ ತಂದ ಹಾಗೆ
ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.
ತಣ್ಣಗಿತ್ತು. ನಂಬರು ಪಟ್ಟಿಯಲ್ಲಿತ್ತು.
‘ಇದು ಯಾವತ್ತೂ ನನಗೆ ಮೋಸ ಮಾಡಿಲ್ಲಮ್ಮ’ ಎಂದು
ಒಮ್ಮೆ ಸವರಿ ಕೊಟ್ಟರು.
ರಸೀತಿ ಬರೆದೆ. ಹೊಸದು ನಲವತ್ತೈದು ದಿನಕ್ಕೆ.
ಅಷ್ಟರಲ್ಲಿ ಮರಿಗಳು ಹಾರಿಹೋಗುತ್ತವೆ, ಅಂದರು,
ದೂರೇನಲ್ಲ, ಲೆಕ್ಕ ಅಷ್ಟೆ.

ಆಮೇಲೆ ಮಳವಳ್ಳಿಯ ಜವರಾಜು,
ಬಸ್ಸಿಳಿದು ಬೆವರುತ್ತಲೇ ಒಳಗೆ ಬಂದ.
ಅವನ ಬ್ಯಾಟರಿ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು.
‘ಮೂರ್ತದ ಒತ್ನಲ್ಲೇ ಜೇಬೊಳಗೆ ಕಾದ್ಬುಡ್ತು ಕಣಕ್ಕ.
ತಾಳಿ ಬುಡಂಗಿಲ್ಲ, ಜೇಬು ಬುಡಂಗಿಲ್ಲ.’
ಅಂಗಿ ಎತ್ತಿ ತೋರಿಸಿದ:
ಪಕ್ಕೆಯ ಮೇಲೆ ಅಚ್ಚುಬೆಲ್ಲದಷ್ಟು ಕಪ್ಪು.
‘ನಮ್ಮಪ್ಪ ಆಲೆಮನೇಲಿ ಒಲೆ ಉರಿಸ್ದೋನು.
ಆ ಬೆಂಕಿ ಹೇಳಿ ಸುಡ್ತಿತ್ತು.’
ಮತ್ತೆ ಫೋನು ತೆಗೆದು ಆ ಫೋಟೊ ತೋರಿಸಿದ.
ಅರಿಶಿನದ ಕೊನೆ, ಗಂಡಿನ ಉಗುರು, ಮೂರನೇ ಗಂಟು.
ಒಂದು ಕೂದಲೂ ಅಲುಗಿರಲಿಲ್ಲ.

ನಂಬರು ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.
ಪಟ್ಟಿ ಮುಗಿಯುವುದು ಎಂಟರಲ್ಲಿ,
ಅವನದು ಒಂಬತ್ತು.

ಕಾಗದದ ಪ್ರಕಾರ ಅದು ಬಿಸಿಯಾಗುವುದಿಲ್ಲ.
ಕಾಗದದ ಪ್ರಕಾರ ಅವನ ಪಕ್ಕೆ ಸುಟ್ಟಿಲ್ಲ.
ಚೆನ್ನೈಗೆ ಫೋನು ಮಾಡಿದೆ, ಸಂಗೀತ ಕೇಳಿಸಿತು.
ಮಿಂಚಂಚೆ ಹಾಕಿದೆ, ‘ನಿಮ್ಮ ಸಹನೆಗೆ ವಂದನೆ’ ಬಂತು.
ಜವರಾಜು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.
ಗುರುವಾರ ಹಲಗೂರಿನಲ್ಲಿ ಇನ್ನೊಂದು ಮದುವೆ.

ಶೋಕೇಸಿನ ಕ್ಯಾಮೆರಾದ ಹೊಟ್ಟೆ ಬಿಚ್ಚಿ
ಅದರದನ್ನು ಅವನಿಗೆ ಕೊಟ್ಟೆ.
ಅವನದನ್ನು ಮರಳಿಗೆ ಹಾಕಿದೆ, ಸಾಹೇಬರದರಿಂದ ದೂರ,
ಬಕೆಟ್ಟಿನಲ್ಲಿ ದೂರವೆಂದರೆ ಎಷ್ಟು ದೂರ, ನಾಲ್ಕು ಬೆರಳು.
ರಸೀತಿಯಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಸಂಜೆ ಷಟರು ಎಳೆಯುವಾಗ ಮೇಸ್ತ್ರಿ ಬಂದ.
ಬಕೆಟ್ಟು ಬೇಕಂತೆ, ನಾಳೆ ಮೋಲ್ಡು.
ಎತ್ತಲು ಬಗ್ಗಿದವನ ಕೈ ಹಿಡಿದೆ,
ಗುರುತಿಲ್ಲದ ಗಂಡಸಿನ ಸಿಮೆಂಟಿನ ಕೈ.
‘ಇನ್ನೆಷ್ಟು ದಿನ ಬೇಕು ಮೇಡಮ್?’
ಕಾಗದ ತಿರುವಿ ನೋಡಿದೆ.
ನಂಬರುಗಳೇನೋ ಬೇಕಾದಷ್ಟಿದ್ದವು.