ನವೆಂಬರಿನ ಹೆಬ್ಬೆಟ್ಟು

ನವೆಂಬರ ಬಂತೆಂದರೆ ಕೈಕಂಬಕ್ಕೆ ಹೋಗಿ
ನಾನು ಬದುಕಿದ್ದೇನೆಂದು ಹೇಳಿ ಬರಬೇಕು.
ಬಾಯಲ್ಲಿ ಹೇಳಿದರೆ ಸಾಲದು,
ಹೆಬ್ಬೆಟ್ಟು ಹೇಳಬೇಕು.

"ಒರೆಸಿ ಇಡಿ" ಅಂದ ಸಫ್ವಾನ್.
ಒರೆಸಿ ಇಟ್ಟೆ. ಕೆಂಪು ದೀಪ.
"ಇನ್ನೊಂದ್ಸಲ, ಸ್ವಲ್ಪ ಒತ್ತಿ."
ಕೆಂಪು.
ಇವನ ಅಜ್ಜ ಇದಿನಬ್ಬ ಬ್ಯಾರಿಯೂ ಹಾಗೆಯೇ,
ಬೀಡಿ ಬ್ರಾಂಚಿನ ಮೇಜಿನ ಹಿಂದೆ ಕೂತು
ತಡ್ಪೆಯಿಂದ ಕಟ್ಟು ಎತ್ತಿ ಒತ್ತಿ ನೋಡಿ
"ಇದು ಸಡಿಲ ವಾರಿಜಾ" ಎಂದು
ಸಾವಿರಕ್ಕೆ ಐವತ್ತು ಬದಿಗೆ ಎಸೆಯುತ್ತಿದ್ದ.
ಮೊಮ್ಮಗನ ಯಂತ್ರ
ನನ್ನನ್ನೇ ಬದಿಗೆ ಇಟ್ಟಿತು.

ಮೂವತ್ತೆಂಟು ವರ್ಷ ಎಲೆ ಸುರುಟಿದ ಬೆರಳು.
ಗೆರೆ ಎಲ್ಲಿ ಹೋಯಿತೆಂದರೆ ಎಲ್ಲಿಂದ ಹೇಳಲಿ?
ಸ್ವಲ್ಪ ಹಂಚಿನ ಮಾಡಿಗೆ,
ಸ್ವಲ್ಪ ಶಶಿಕಲನ ಟೀಚರ್ ಟ್ರೈನಿಂಗಿಗೆ,
ಸ್ವಲ್ಪ ವೆನ್ಲಾಕಿನ ಹೊರಗಿನ ಮೆಡಿಕಲ್ಲಿಗೆ,
ಇವರ ಹರ್ನಿಯಾದ ವರ್ಷ.
ಉಳಿದದ್ದು ಸೊಸೈಟಿಯ ಅಡವಿನ ಬಡ್ಡಿಗೆ.
ಅದೇ ಎರಡು ಬಳೆ,
ಏಳು ಸಲ ಹೋಗಿ ಏಳು ಸಲ ಬಂದದ್ದು.
ಈಗ ಕಳಿಸಿಕೊಟ್ಟರೆ ತಾವೇ ಹೋದಾವು,
ದಾರಿ ಗೊತ್ತುಂಟು.

ಮಜೂರಿಯಲ್ಲಿ ಪಿ.ಎಫ್. ಅಂತ ಹಿಡಿಯುವಾಗ
ಮೊದಮೊದಲು ಹೊಟ್ಟೆ ಉರಿಯುತ್ತಿತ್ತು,
ಬೇಯುವ ಪಾತ್ರೆಯಿಂದ ಯಾರೋ
ಅಕ್ಕಿ ತೆಗೆದ ಹಾಗೆ.
ಅತ್ತೆ ಹೇಳಿದರು, "ಇರಲಿ ಬಿಡು,
ನಿನ್ನ ಗಂಡನ ಕೈಗೆ ಸಿಗದ ಜಾಗ
ಒಂದಾದರೂ ಬೇಕು."
ಅವರ ಮಗನ ಬಗ್ಗೆ ಅವರೇ ಹೇಳಿದ್ದು!

ಬೇರೆ ಜಾಗಗಳೂ ಇದ್ದವು.
ಅಕ್ಕಿ ಡ್ರಮ್ಮಿನ ತಳ. ಉಪ್ಪಿನಕಾಯಿ ಭರಣಿಯ ಹಿಂದೆ.
ಪಿಗ್ಮಿಯ ಗಣಪಣ್ಣ ಐದು ರೂಪಾಯಿಗೆ
ದಿನಾ ಸಂಜೆ ಸೈಕಲ್ ತುಳಿದು ಬರುತ್ತಿದ್ದ,
ಆಟಿ ತಿಂಗಳ ಮಳೆಗೂ.
ಪುಸ್ತಕ ಪ್ಲಾಸ್ಟಿಕ್ಕಿನ ಒಳಗೆ,
ಅವನು ಹೊರಗೆ.

ಪಿ.ಎಫ್. ಇಡಿಗಂಟು ಬಂದಾಗ ಶಶಿ ಅಂದಳು
"ಅಮ್ಮ, ಮ್ಯೂಚುವಲ್ ಫಂಡಿಗೆ ಹಾಕುವ,
ಮಾರ್ಕೆಟ್ಟು ಏರ್ತದೆ ಇಳೀತದೆ, ಕಾಯ್ಬೇಕು."
ನನಗೆ ಗೊತ್ತಿಲ್ಲದ ಮಾರ್ಕೆಟ್ಟಾ?
ಬೆಳಿಗ್ಗೆ ಇನ್ನೂರರ ಬಂಗುಡೆ
ಹನ್ನೆರಡು ಗಂಟೆಗೆ ನೂರು.
ಕಾದವಳಿಗೆ ಅಗ್ಗ, ಸರಿ,
ಕಣ್ಣು ಕೆಂಪಾದ ಮೀನು ಮಾತ್ರ.
ಆದರೂ ಅವಳ ಮಾತಿಗೆ ಸ್ವಲ್ಪ ಹಾಕಿದೆ.
ಉಳಿದದ್ದು ಎಫ್.ಡಿ.
ರಾತ್ರಿ ನಿದ್ದೆ ಬರಬೇಕಲ್ಲ,
ಅದನ್ನು ಯಾರೂ ಬಡ್ಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಫ್ವಾನ್ ಪಕ್ಕದಂಗಡಿಯಿಂದ ತೆಂಗಿನೆಣ್ಣೆ ತಂದ.
ತೋರುಬೆರಳು, ಕೆಂಪು. ನಡುಬೆರಳು, ಕೆಂಪು.
ಹಿಂದೆ ಕ್ಯೂವಿನಲ್ಲಿ ಯಾರೋ ಕೆಮ್ಮಿದರು.
"ಎಂತ ಮಾಡುದು ಅಕ್ಕ" ಅಂದ, ಬೆವರುತ್ತಿದ್ದ ಪಾಪ,
ಸತ್ತವಳೊಬ್ಬಳು ಎದುರು ಕೂತಿದ್ದಾಳೆ.

ಕಡೆಗೆ ಎಡಗೈ ಕಿರುಬೆರಳು.
ಹಸಿರು.

ಬೀಡಿ ಸುರುಟುವಾಗ ಇದೊಂದು
ದೂರ ನಿಂತೇ ಇರುತ್ತಿತ್ತು,
ಮದುವೆಗೆ ಊಟದ ಹೊತ್ತಿಗೆ ಬರುವ ನೆಂಟನ ಹಾಗೆ.
ಒಂಬತ್ತು ಬೆರಳು ದುಡಿದು ಗುರುತು ಕಳಕೊಂಡವು,
ಪೆನ್ಶನ್ ಇದರ ಹೆಸರಿಗೆ.
ಸಿಟ್ಟು ಬರಬೇಕಿತ್ತು. ನಗು ಬಂತು.
ಮನೆಯಲ್ಲಿ ಯಾರಾದರೊಬ್ಬರು
ಖರ್ಚಾಗದೆ ಉಳಿಯಬೇಕೋ ಏನೋ.

"ಇನ್ನೊಂದು ವರ್ಷ ಬದುಕಿದ್ದೀರಿ" ಅಂದ ಸಫ್ವಾನ್.
ಅವನ ಫೀಸು ಎಪ್ಪತ್ತು.
ತಿಂಗಳಿಗೆ ಬರುವುದು ಸಾವಿರದ ನೂರ ನಲವತ್ತು.
ಗಂಜಿಗೆ ಆಗುತ್ತದೆ, ಪಲ್ಯಕ್ಕೆ ಇಲ್ಲ.
ಪಲ್ಯ ಹಿತ್ತಿಲಲ್ಲಿ ಉಂಟು, ಬಸಳೆ.

ನಮ್ಮ ಕಡೆ ಎಲ್ಲ ಪ್ರೈವೇಟ್ ಬಸ್ಸು, ಫ್ರೀ ಇಲ್ಲ.
ಗುರುಪುರ ಸೇತುವೆ ದಾಟುವಾಗ
ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿದೆ,
ಕಿರುಬೆರಳು ಬಿಟ್ಟು.
ಕಂಡಕ್ಟರ್ ಮೂರು ರೂಪಾಯಿ ಚಿಲ್ಲರೆ
ಮರೆತವನ ಹಾಗೆ ಮುಂದೆ ಹೋದ.
ಇಳಿಯುವಾಗ ಮೆಟ್ಟಿಲಲ್ಲಿ ನಿಂತು ಕೇಳಿದೆ.
ಬಸ್ಸು ಕಾಯಿತು.