ಸಲಹೆಯ ನಮೂನೆ

ಕರೆದಾರಂತ ಹೋದ್ವಿ.
ಇಪ್ಪತ್ತೆರಡು ವರ್ಷದಾಗ ಸರಕಾರ ನಮ್ಮನ್ನ
ದಂಡ ಕಟ್ಟಾಕ ಕರೆದೈತಿ, ಲೈಸನ್ಸ್ ಕಸಗೊಳ್ಳಾಕ ಕರೆದೈತಿ,
ಕುರ್ಚಿ ಹಾಕಿ ಕರೆದದ್ದು ಇದ ಮೊದಲು.

ಚಿಖಲಿ ಸಭಾಗೃಹ. ಮುಂದಿನ ಸಾಲಿನ್ಯಾಗ
ವಿಮಾನ ನಿಲ್ದಾಣದ ಕಾರಿನವರು, ಬಿಳಿ ಅಂಗಿ, ಜೋರು ದನಿ.
ಹಿಂದ, ಪಂಖಾ ತಿರುಗದ ಕಡೆ, ನಾವು,
ಹಳದಿ ಮಡ್‌ಗಾರ್ಡಿನ ಬೈಕಿನವರು.
ಗೋವಾದಾಗ ನಮಗ ಪೈಲಟ್ ಅಂತಾರ.
ಊರಿಗೆ ಹೋದರ ನಗತಾರ,
"ಯಮನೂರಪ್ಪ ಇಮಾನ ಹಾರಸ್ತಾನಂತ!"
ನಾ ನೆಲ ಬಿಟ್ಟಿದ್ದು ಒಮ್ಮೆ ಅಷ್ಟ,
ಮಾಂಗೋರ್ ಇಳಕಲಿನ ಗುಂಡಿ ದಯಾದಿಂದ.

ತಲಿಗೊಂದು ಕಾಗದ ಹಂಚಿದರು.
ಕರಡು ನಿಯಮ ಹದಿನೇಳು,
ಕೆಳಗ ನಮ್ಮ ಸಲಹೆಗೆ ನಾಲ್ಕು ಗೆರಿ.
ಬೈಕಿಗೂ ಮೀಟರು, ಮೀಟರಿಗೊಂದು ಸಿಮ್ಮು,
ಮೊಬೈಲಿನ್ಯಾಗ ಆ್ಯಪು, ಆ್ಯಪಿನ್ಯಾಗ ನಕ್ಷತ್ರ,
ಗಿರಾಕಿ ಖುಷಿಯಾದರ ಐದು ಕೊಡತಾನಂತ.
ಹುಟ್ಟಿದಾಗ ಬಂದ ಒಂದು ಮೂಲಾನಕ್ಷತ್ರನ
ಇನ್ನೂ ಬಿಟ್ಟಿಲ್ಲ ನನ್ನ,
ಮ್ಯಾಲೆ ಐದು!

ಕಾಯ್ತಾನ್ ಅಂಕಲ್ ಎದ್ದ.
ರಾಜದೂತ್ ಕಾಲದ ಪೈಲಟ್, ಎಪ್ಪತ್ತು ದಾಟೇತಿ.
ಕೊಂಕಣಿಯೊಳಗ ಕೇಳಿದ, ಸಾವಕಾಶ:
"ಇಲ್ಲೇ ದವಾಖಾನಿಗೆ ಬಸುರಿ ಹೆಣ್ಣುಮಗಳನ್ನ ಕರಕೊಂಡು ಬರತೀನಿ.
ಗುಂಡಿ ಬಂತಂದರ ನಿಲ್ಲಿಸ್ತೀನಿ.
ಆಕಿ 'ಹೂಂ' ಅಂದಮ್ಯಾಲ ಮುಂದ.
ನಿಮ್ಮ ಮೀಟರು ಆ 'ಹೂಂ'ಗೆ ಎಷ್ಟು ಹಿಡೀತೈತಿ?"
ಕುಂಕಳ್ಯೇಂಕರ ಸಾಹೇಬರು ಪೆನ್ನು ಎತ್ತಿದರು.
ಇಳಿಸಿದರು.
"ಕಾಯುವ ಶುಲ್ಕ. ನಿಯಮ ಒಂಬತ್ತು."

ಆಮ್ಯಾಲ ಕಾರಿನವರದ ಗದ್ದಲ.
ಕಂಪನಿ ಬ್ಯಾಡ, ಕಂಪನಿ ಬ್ಯಾಡ,
ಮೈಕು ಕೈಯಿಂದ ಕೈಗೆ ಹಾರಿ ಕೀಂ ಅಂತ ಅತ್ತಿತು.
ನನ್ನ ಹೆಸರು ಕೂಗಿದಾಗ ಎರಡು ನಿಮಿಷ ಉಳಿದಿತ್ತು.
ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಮಾತು
ಮೂರು ಭಾಷಾ ಕಲಸಿದ ಮುದ್ದಿಯಾಗಿ
ಗಂಟಲದಾಗ ನಿಂತಿತು.
"ಸ್ಟ್ಯಾಂಡಿಗೆ ಒಂದು ತಗಡು ಹಾಕಸ್ರಿ ಸಾಹೇಬ್ರ, ಬಿಸಿಲು"
ಅಂದೆ. ಕುಂತೆ.
ನಾಲ್ಕು ಗೆರಿ ಖಾಲಿ ಇದ್ದ ಕಾಗದ
ನಾಲ್ಕು ಮಡಿಕಿ ಮಾಡಿ ಕಿಸೆದಾಗ ಇಟ್ಟೆ.

ಕೆಳಗ ಬಂದು ನೋಡಿದರ
ಸರಕಾರಿ ಜೀಪು ನಡುವ, ಸುತ್ತ ನಲವತ್ತು ಟ್ಯಾಕ್ಸಿ.
ಓಡಸವರೆಲ್ಲ ಮ್ಯಾಲೆ ಇನ್ನೂ ಘೋಷಣಾ ಕೂಗಾಕ್ಹತ್ಯಾರ.
ಮಡಗಾಂವ್ ರೈಲಿಗೆ ಇಪ್ಪತ್ತ ನಿಮಿಷ.
ಸಾಹೇಬರು ಗಡಿಯಾರ ನೋಡಿದರು, ಜೀಪು ನೋಡಿದರು,
ಕಡೀಕ ನನ್ನ ನೋಡಿದರು.

ಹೊಂಟ್ವಿ.
ಹದಿನೇಳೂ ನಿಯಮ ಎದಿಗೆ ಅವಚಿಕೊಂಡು
ಹಿಂದ ಸರಕಾರ ಕುಂತಿತ್ತು.
ತಿರುವು ಬಂದಾಗ ನನ್ನ ಹೆಗಲ ಹಿಡೀತು.
ದಾರಿಯಾಗ ಅವರು ಏನೋ ಕೇಳಿದರು,
ಗಾಳಿ ಒಯ್ದುಬಿಟ್ಟಿತು.
ನಾನೂ ಏನೋ ಅಂದೆ, ಹೇಳಬೇಕಾದದ್ದನ್ನೆಲ್ಲ ಅಂದೆ,
ತಗಡು ಬಿಟ್ಟು ಬ್ಯಾರೆ ಎಲ್ಲಾ,
ಕನ್ನಡದಾಗ, ಮುಂದ ನೋಡಿಕೋಂತ.
ಗುಂಡಿ ಬಂತು. ನಿಲ್ಲಿಸಿದೆ.
ಸ್ವಲ್ಪ ತಡದು ಹಿಂದಿಂದ ಬಂತು:
"ಹೂಂ."

ವಾಸ್ಕೋ ಸ್ಟೇಷನ್. ಎಷ್ಟು ಅಂದರು.
ಎಲ್ಲಾರಿಗೂ ಎಷ್ಟೋ ಅಷ್ಟ, ಎಂಬತ್ತು ಅಂದೆ.
ನೂರು ಕೊಟ್ಟರು, ಚಿಲ್ಲರೆ ತಗೊಂಡರು.
ಹತ್ತು ಹೆಜ್ಜಿ ಹೋದವರು ತಿರುಗಿ ಬಂದರು:
"ರಶೀದಿ ಐತೇನು? ಆಫೀಸಿನ್ಯಾಗ ಕೇಳತಾರ."

ಕಿಸೆದಾಗ ಇದ್ದದ್ದು ಒಂದ ಕಾಗದ.
ಸೀಟಿನ ಮ್ಯಾಲ ಹರವಿ, ಅವರದ ಪೆನ್ನಿಲೆ
ಆ ನಾಲ್ಕು ಗೆರಿಯೊಳಗ ಬರದೆ,
ಕೈಗೆ ಬರೂದು ಕನ್ನಡ, ಅದರಾಗನ ಬರದೆ:
ಚಿಖಲಿಯಿಂದ ವಾಸ್ಕೋ.
ಒಬ್ಬರು.
ಎಂಬತ್ತು ರೂಪಾಯಿ ಮುಟ್ಟಿತು.
ಸಹಿ, ಯಮನೂರಪ್ಪ ಹೊಸಮನಿ, ಪೈಲಟ್.

ಸಾಹೇಬರು ಕಣ್ಣು ಕಿರಿದು ಮಾಡಿ ನೋಡಿದರು,
ಓದಾಕ ಬರಲಿಲ್ಲ.
ಹೌದಂತ ತಲಿ ಹಾಕಿ
ಫೈಲಿನ್ಯಾಗ ಇಟಗೊಂಡರು.