ಪಾಲು

ಪರೇಲ್‌ನ ಆಸ್ಪತ್ರೆ, ಮೂರನೇ ಮಾಳಿಗೆ.
ಎಸ್ತರ್ ಡಾಬ್ರೆ ಕಾಗದವನ್ನು ನನ್ನತ್ತ ಸರಿಸಿ ಹೇಳಿದ್ದಳು,
ನಾಲ್ಕು ವರ್ಷದ ಹಿಂದೆ:
ಒಂದಕ್ಷರ ಬೇರೆ ಇದೆ.
ಅರ್ಥ ಇನ್ನೂ ಗೊತ್ತಿಲ್ಲ.

ನಾನು ಕರಡು ತಿದ್ದುವವಳು.
ಫೋರ್ಟಿನ ಹಳೇ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಮದುವೆ ಕಾಗದ, ಸಂಘದ ವರದಿ, ಉತ್ತರಕ್ರಿಯೆಯ ಕಾರ್ಡು;
ಬೇರೆ ಅಕ್ಷರ ಕಂಡರೆ ಕೆಂಪು ಶಾಯಿ, ಅಷ್ಟೇ.
ಮುನ್ನೂರು ಕೋಟಿಯಲ್ಲಿ ಒಂದನ್ನು ಹಿಡಿದ ಯಂತ್ರಕ್ಕೆ
ಕೈ ಮುಗಿಯಬೇಕೆನಿಸಿತು.
ಹಿಡಿದೂ ಸುಮ್ಮನಿದ್ದದ್ದಕ್ಕೆ ಸಿಟ್ಟು.

ಗುಲಾಬಿಯಕ್ಕ ನಲವತ್ತೆರಡಕ್ಕೆ ಹೋದಳು.
ಎಡಮೊಲೆಯಲ್ಲಿ ಶುರು, ಬೆನ್ನೆಲುಬಲ್ಲಿ ಮುಗಿತಾಯ.
ಮೇಣದಲ್ಲಿ ಕಾದಿಟ್ಟ ಅವಳ ಉಗುರಗಲದ ಚೂರಿನಲ್ಲೂ
ಅದೇ ಅಕ್ಷರ.
ಅಮ್ಮನ ನಾಲ್ಕು ಬಳೆ ಎರಡೆರಡಾದ ಹಾಗೆ
ಇದೂ ಪಾಲಾಗಿ ಬಂದಿತ್ತು, ಜಗಳವಿಲ್ಲದೆ.

ಅಂದಿನಿಂದ ಪ್ರತಿ ಒಂದನೇ ತಾರೀಕು
ಬಚ್ಚಲ ಚಿಲಕ ಹಾಕಿ, ಸೋಪು ಹಚ್ಚಿದ ಬೆರಳಿನಿಂದ
ನನ್ನನ್ನೇ ಓದಿಕೊಂಡೆ,
ಎಲ್ಲಿ ಪೂರ್ಣವಿರಾಮ ತಗಲೀತೋ ಎಂದು.

ಮೊನ್ನೆ ಸ್ಲೋ ಲೋಕಲ್ ಕುರ್ಲಾ ದಾಟುವಾಗ ಫೋನು.
ಡಾಬ್ರೆಯ ದನಿ ಹಳಿಯ ಸದ್ದಿನಲ್ಲಿ ತುಂಡು ತುಂಡು:
ತಪ್ಪಲ್ಲವಂತೆ ಅದು. ನಿಮ್ಮ ಕಡೆಯ ಉಚ್ಚಾರವಂತೆ.
ಕರಾವಳಿಯ ಸಾವಿರಾರು ಮಂದಿಯ ರಕ್ತ ಈಗಷ್ಟೇ ಓದಿದರಂತೆ,
ಎಂಬತ್ತು ದಾಟಿ ಬುಟ್ಟಿ ಹೊತ್ತು ಮೀನು ಮಾರುವವರಲ್ಲೂ
ಅದು ಇದೆಯಂತೆ, ಏನೂ ಮಾಡದೆ.
ಇಷ್ಟು ದಿನ ನಿಘಂಟಿನಲ್ಲಿ ನಿಮ್ಮೂರ ಮಾತೇ ಇರಲಿಲ್ಲ, ಅಂದಳು.

ಕಂಬಿ ಹಿಡಿದು ನಿಂತೇ ಇದ್ದೆ.
ಹಳಗನ್ನಡದ ಪಾಲ್ ಒಂದಕ್ಷರ ಬಿಟ್ಟು ಹಾಲಾಯಿತು;
ಹಾಲೇನು ಒಡೆಯಲಿಲ್ಲ.
ಯಾವುದೋ ಮುದುಕಿ ಮೊಣಕೈ ಚಾಚಿ ಕೊಟ್ಟ ರಕ್ತದಿಂದ
ನನ್ನ ಮೈಯ ಒಂದು ಪದಕ್ಕೆ ಅರ್ಥ ಬಂತು.
ಅವಳಿಗೆ ನನ್ನ ಹೆಸರೂ ಗೊತ್ತಿಲ್ಲ.

ಸಾಯನ್ ಬಂದಾಗ ಹೊಳೆಯಿತು:
ಹಾಗಾದರೆ ಅಕ್ಕನನ್ನು ಕೊಂದದ್ದು ಯಾವುದು?
ನಾಲ್ಕು ವರ್ಷ ಬೈದ ಅಕ್ಷರ ನಿರಪರಾಧಿ.
ಬೈಯಲು ಈಗ ಯಾರೂ ಉಳಿದಿಲ್ಲ.

ಮರುದಿನ ಕೇಳಿಯೇಬಿಟ್ಟೆ.
ಡಾಬ್ರೆ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು.
ಓದದ ಪುಟಗಳೇ ಹೆಚ್ಚು, ಅಂದಳು.
ಆ ಚೂರು ಇನ್ನಷ್ಟು ವರ್ಷ ಇಟ್ಟುಕೊಳ್ಳಬಹುದೇ?

ಫಾರ್ಮಿನಲ್ಲಿ ಒಂದು ಖಾಲಿ ಗೆರೆ: ತೀರಿಕೊಂಡವರಿಗೆ ಸಂಬಂಧ.
ತಂಗಿ, ಎಂದು ಬರೆಯಹೊರಟೆ.
ಕೈಗೆ ಬಂದದ್ದು ಕೆಂಪು ಪೆನ್ನು.
ಅವಳು ನೀಲಿಯದು ಕೊಟ್ಟಳು.